ಎರಡು ಗುಂಡಿ, ಮೂರು ಕೈ

ಮಾವ,

ನಮಸ್ಕಾರ ಮಾಡಬೇಕಾದರೆ ಎರಡು ಕೈ ಜೋಡಿಸಬೇಕು. ನನ್ನ ಎಡಗೈಯ ಬೆರಳುಗಳು ಇನ್ನೂ ಬಲಗೈಗೆ ಸರಿಯಾಗಿ ಹೊಂದುವುದಿಲ್ಲ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಬಿಸಿ ತಟ್ಟೆ ನನ್ನ ಕೈಮೇಲೆ ಕೂತು ವರ್ಷವಾಯಿತು. ಗಾಯವೇನೋ ಮಾಯಿತು. ಆಮೇಲೆ ಕಲೆ ಹಗ್ಗದಂತೆ ಉಬ್ಬಿ, ಗಟ್ಟಿಯಾಗಿ, ಬೆರಳುಗಳನ್ನು ಮೇಲಕ್ಕೆ ಎಳೆದುಕೊಂಡಿತು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ನೀವು ನೋಡಲು ಬರಲಿಲ್ಲ. ಅಮ್ಮ ಮಾತ್ರ ನಿಮ್ಮ ಪರವಾಗಿ ಬಂದು ಕೂತಳು: "ನನ್ನ ಒಡಹುಟ್ಟಿದವನು ಕಣೇ. ಮನೆ ಮಾತು ಹೊರಗೆ ಹೋಗಬಾರದು."

ಮನೆ ಮಾತನ್ನು ಹೊರಗೆ ಒಯ್ದವರು ನೀವು. "ನಮ್ಮ ಅಕ್ಕನ ಮಗಳು ದೊಡ್ಡ ಪಂಡಿತೆ. ಒಂದು ಕೈಯಲ್ಲಿ ಪುಸ್ತಕ ಹಿಡ್ಕೊಂಡು ಓದ್ತಾ ಇನ್ನೊಂದು ಕೈ ಸುಟ್ಕೊಂಡ್ಲು" ಎಂದು ಬೀದಿಯಲ್ಲೆಲ್ಲ ಸಾರಿದಿರಿ. ತನಿಖೆಗೆ ಬಂದ ಕಾರ್ಮಿಕ ಇಲಾಖೆಯ ಅಧಿಕಾರಿಗೂ ಅದನ್ನೇ ಹೇಳಿ ಸಹಿ ಹಾಕಿದಿರಿ. ನಾನು ಓದುವುದು ನಿಜ. ಓದುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ ಮಾವ, ಯಾರು ಏನು ಹೇಳಿದರು ಎಂಬುದನ್ನು ಮರೆಯುವುದಿಲ್ಲ.

ಯಂತ್ರದ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡು ಕೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ತಟ್ಟೆ ಇಳಿಯಬೇಕು. ಕೈ ಗುಂಡಿಯ ಮೇಲಿದ್ದರೆ ತಟ್ಟೆಯ ಕೆಳಗೆ ಇರಲಾರದು, ಅದಕ್ಕೇ ಆ ಏರ್ಪಾಡು. ಕೆಲಸ ಬೇಗ ಸಾಗಲಿ ಎಂದು ಎಡಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಚಕ್ಕೆ ಸಿಕ್ಕಿಸಿ, ಮೇಲೆ ಪಟ್ಟಿ ಸುತ್ತಿದವರು ನೀವು. "ಎಡಗೈ ಕಾಲರ್ ಸರಿಮಾಡ್ಲಿ, ಬಲಗೈ ಒತ್ಲಿ" ಎಂದು ಕಲಿಸಿದವರೂ ನೀವೇ. ಕಾಲರ್ ಸರಿಮಾಡುತ್ತಿದ್ದ ಕೈಮೇಲೆಯೇ ತಟ್ಟೆ ಇಳಿಯಿತು. ನನ್ನನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಚಕ್ಕೆ ಮಾಯ.

ಚಿಕಿತ್ಸೆ ಹೇಗಿರುತ್ತದೆಂದು ನಿಮಗೆ ತಿಳಿದಿರಲಿ. ಕಲೆಯ ಮೇಲೆ ಸಿಲಿಕಾನ್ ಹಾಳೆ, ಅದರ ಮೇಲೆ ಕಲೆಯನ್ನು ಅದುಮಿಡಲು ಉಸಿರು ಕಟ್ಟಿಸುವಷ್ಟು ಬಿಗಿಯಾದ ಕೈಗವಸು. ಸ್ನಾನಕ್ಕೆ, ಮಾಲೀಶಿಗೆ ಬಿಟ್ಟರೆ ಅದನ್ನು ತೆಗೆಯುವಂತಿಲ್ಲ. ಕೆಂಪು ಕಲೆ ಬಿಳಿಚುವವರೆಗೆ ಹೆಬ್ಬೆರಳಿನಿಂದ ಒತ್ತಿ ಉಜ್ಜಬೇಕು. ಆಮೇಲೆ ಬೆರಳು ಮಡಚಬೇಕು. ಕಣ್ಣಲ್ಲಿ ನೀರು ತಾನಾಗಿ ಬರುತ್ತದೆ.

ನಡುವೆ ಒಂದಷ್ಟು ದಿನ ಗವಸನ್ನು ಮೂಲೆಗೆಸೆದಿದ್ದೆ. ಕಲೆ ಉಬ್ಬಿಕೊಂಡೇ ಇರಲಿ, ಅಧಿಕಾರಿಯ ಮೂಗಿನ ಕೆಳಗೆ ಹಿಡಿಯೋಣ ಎಂಬ ಹಟ. ಫಿಸಿಯೋ ಮೇಡಂ ಕೈ ನೋಡಿ ಸಿಡುಕಿದರು: "ಇದ್ಯಾರ ಮೇಲಿನ ಸಿಟ್ಟಮ್ಮಾ?"

"ನಮ್ಮ ಸೋದರಮಾವನ ಮೇಲೆ."

"ಹಾಗಾದ್ರೆ ಅವರ ಮುಖ ನೆನಪಿಸ್ಕೊಂಡು ಮುಷ್ಟಿ ಕಟ್ಟಿ. ಊಟಕ್ಕೆ ಮುಂಚೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ."

ಅಂದಿನಿಂದ ನೀವೇ ನನ್ನ ಔಷಧಿ, ಮಾವ. ಕಲೆ ತಗ್ಗುತ್ತಿದೆ, ಚರ್ಮ ಸಡಿಲವಾಗುತ್ತಿದೆ. ಮೊನ್ನೆ ಬೆರಳ ತುದಿಗಳು ಅಂಗೈ ಮುಟ್ಟಿದವು. ಮುಷ್ಟಿ ಬಂತು. ಮೇಡಂ ಚಪ್ಪಾಳೆ ತಟ್ಟಿದರು.

ಸೋಮವಾರ ಅಧಿಕಾರಿ ನಿಮ್ಮ ಲಾಂಡ್ರಿಗೆ ಮತ್ತೆ ಬರುತ್ತಾರೆ. ಯಂತ್ರ ನಡೆಸಿ ತೋರಿಸುವವಳು ನಾನು. ಅವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಗವಸು ಕಳಚಿ, ಎಡಗುಂಡಿಯನ್ನು ಎಡಮುಷ್ಟಿಯಲ್ಲೇ ಒತ್ತುತ್ತೇನೆ, ಬಲಗುಂಡಿಯನ್ನು ಬಲಗೈಯಲ್ಲಿ. ತಟ್ಟೆ ಇಳಿಯುತ್ತದೆ. ಆಮೇಲೆ ಎಡಗುಂಡಿ ಬಿಟ್ಟು ಬಲಗುಂಡಿ ಮಾತ್ರ ಒತ್ತುತ್ತೇನೆ. ತಟ್ಟೆ ಇಳಿಯುವುದಿಲ್ಲ, ಏಕೆಂದರೆ ಚಕ್ಕೆ ಕಿತ್ತವರು ನೀವೇ. ಆಗ ನಿಮ್ಮ ಹೇಳಿಕೆಯನ್ನು ಗಟ್ಟಿಯಾಗಿ ಓದುತ್ತೇನೆ. ಓದುವುದು ನನ್ನ ಚಾಳಿ ತಾನೇ? ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ತಟ್ಟೆಯ ಕೆಳಗೆ. ಹಾಗಾದರೆ ಗುಂಡಿ ಒತ್ತಿದ ಮೂರನೇ ಕೈ ಯಾರದು ಮಾವ?

ಉತ್ತರ ಯೋಚಿಸಿಕೊಳ್ಳಿ ಎಂದೇ ಮುಂಚಿತವಾಗಿ ಬರೆಯುತ್ತಿದ್ದೇನೆ. ನಿಮ್ಮ ತಟ್ಟೆ ನನಗೆ ಅಷ್ಟು ಹೊತ್ತೂ ಕೊಟ್ಟಿರಲಿಲ್ಲ.

ಅಲ್ಲಿಯವರೆಗೆ ನಿಮ್ಮ ಎರಡು ಕೈಗೂ ಏನೂ ಆಗದಿರಲಿ. ಕೈಕಟ್ಟಿ ನಿಲ್ಲಲು ಎರಡೂ ಬೇಕಾಗುತ್ತವೆ.

ಇಂತಿ,
ನಿಮ್ಮ ಅಕ್ಕನ ಮಗಳು, ಪಂಡಿತೆ