ಉಳಿತಾಯದ ಪುಸ್ತಕದ ಎರಡನೇ ಪುಟ

ದಾವಣಗೆರೆ ಒಳನೆಲ
೨೧೬೪ನೇ ಇಸವಿ, ಎರಡನೇ ಏಪ್ರಿಲ್ ತಿಂಗಳ ಮೂವತ್ತೇಳನೇ ದಿನ

ಪ್ರೀತಿಯ ಮಧುಮಿತಾ ಅಜ್ಜಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಕಾಗದ ಹರಿಯಬೇಡ. ನಮ್ಮ ಬೇಸಿಗೆ ಒಂದು ಏಪ್ರಿಲ್‌ನಲ್ಲಿ ಹಿಡಿಸದೆ ಹೋದಾಗ ಸರ್ಕಾರ ಇನ್ನೊಂದನ್ನು ಸೇರಿಸಿತು, ಅಷ್ಟೆ. ನನ್ನ ಹೆಸರು ವೇದಾವತಿ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಬತ್ತಿಹೋದ ನದಿಗಳ ಹೆಸರಿಡುತ್ತಾರೆ. ನನ್ನ ಅಜ್ಜಿಯ ಅಜ್ಜಿಗೆ ನೀನು ತಾಯಿ. ಆದರೆ ನಿನಗೀಗ ಇಪ್ಪತ್ತಾರು ವರ್ಷ, ಮದುವೆಯಾಗಿ ಹನ್ನೊಂದು ದಿನ. ನನಗೆ ಇಪ್ಪತ್ತೈದು, ಮದುವೆಯಾಗಿ ಎಪ್ಪತ್ತೊಂದು ದಿನ. ಹಾಗಾಗಿ ‘ನೀನು’ ಅನ್ನುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡವನ್ನು ಹಳೆಯ ಕಾಗದಗಳಿಂದ ನಾನೇ ಕಲಿತೆ. ತಪ್ಪಿದ್ದರೆ ಕ್ಷಮಿಸು.

ಇಲ್ಲಿ ಮದುವೆಯಾದ ಪ್ರತಿ ಜೋಡಿಗೂ ಒಂದು ಹಿಂದಂಚೆ ಉಡುಗೊರೆ ಸಿಗುತ್ತದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ, ಜೀವಮಾನಕ್ಕೆ ಒಂದೇ ಒಂದು. ಎಲ್ಲರೂ ಅದರಲ್ಲಿ ಹಿರಿಯರ ಆಶೀರ್ವಾದ ಬೇಡುತ್ತಾರೆ. ನಾನೂ ಅದನ್ನೇ ಬೇಡಬೇಕೆಂದಿದ್ದೆ. ಪೃಥು, ಅಂದರೆ ನನ್ನ ಗಂಡ, ಎಷ್ಟು ಒಳ್ಳೆಯವನು, ನಕ್ಕಾಗ ಅವನ ಎಡಗಣ್ಣು ಮಾತ್ರ ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಪುಟಗಟ್ಟಲೆ ಬರೆಯಬೇಕೆಂದಿದ್ದೆ. ಈಗ ಅದಕ್ಕೆ ಸಮಯವಿಲ್ಲ. ನನಗೆ ಉಳಿದಿರುವುದು ಹತ್ತೊಂಬತ್ತು ದಿನ.

ನಮ್ಮ ಜನ ನೆಲದ ಕೆಳಗೆ, ತಣ್ಮನೆಗಳಲ್ಲಿ ಬಾಳುತ್ತಾರೆ. ತಣ್ಮನೆಯೆಂದರೆ ಮೂವತ್ತು ಅಡಿ ಆಳದ ತಂಪಾದ ಎರಡು ಕೋಣೆ, ಅದರಡಿಯಲ್ಲಿ ಒಂದು ನೀರಿನ ತೊಟ್ಟಿ. ಮಳೆಗಾಲದಲ್ಲಿ ತುಂಬಿದ ತೊಟ್ಟಿ ಎರಡೂ ಏಪ್ರಿಲ್ ದಾಟಿಸಬೇಕು. ತೊಟ್ಟಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ, ನಡುವೆ ಆಸೆಪಟ್ಟು ಒಂದು ಮನೆಯವರು ಖಾಲಿ ಮಾಡಿದರೆ ಅಕ್ಕಪಕ್ಕದ ಆರು ಮನೆ ಒಣಗುತ್ತದೆ. ಅದಕ್ಕೇ ಕೂಡಿಟ್ಟಿದ್ದನ್ನು ಮುಟ್ಟದೆ ಬಿಡಬಲ್ಲ ಮನೆತನಕ್ಕೆ ಮಾತ್ರ ತಣ್ಮನೆ ಕೊಡುತ್ತಾರೆ. ಅದಕ್ಕೆ ಸಾಕ್ಷಿ ತಳಹಣ. ಮನೆತನದ ಹಿರಿಯರು ಯಾರಾದರೂ ಒಂದು ವರ್ಷ ತಪ್ಪದೆ ಪ್ರತಿ ತಿಂಗಳು ಹಣ ಹಾಕಿ, ಆಮೇಲೆ ನೂರು ವರ್ಷ ಯಾರೂ ಅದನ್ನು ಮುಟ್ಟದೆ ಇದ್ದರೆ ಅದು ತಳಹಣ. ಮೊತ್ತ ಎಷ್ಟೆಂದು ಯಾರೂ ಕೇಳುವುದಿಲ್ಲ. ತಳಹಣ ಇಲ್ಲದ ಗಂಡ ಹೆಂಡತಿ ಬೇರೆ ಬೇರೆ. ನಾನು ನಾನೂರು ಮಂಚಗಳ ಹೆಂಗಸರ ಹಾಲ್‌ನಲ್ಲಿದ್ದೇನೆ, ಅವನು ಗಂಡಸರ ಹಾಲ್‌ನಲ್ಲಿ. ದಿನಕ್ಕೊಮ್ಮೆ, ನೆರಳುಗಂಟೆಯಲ್ಲಿ, ಅಂದರೆ ಬಿಸಿಲು ಇಳಿದು ಹೊರಗೆ ನಿಲ್ಲಬಹುದಾದ ನಲವತ್ತು ನಿಮಿಷ, ಮೆಟ್ಟಿಲ ಮೇಲೆ ಸಿಗುತ್ತೇವೆ. ಅವನು ತನ್ನ ಪಾಲಿನ ನವಣೆ ದೋಸೆಯಲ್ಲಿ ಅರ್ಧವನ್ನು ಅಂಗಿ ಜೇಬಿನಲ್ಲಿಟ್ಟು ತರುತ್ತಾನೆ. ಬೆಣ್ಣೆ ಎಂಬುದು ನಮಗೆ ಹೆಸರು ಮಾತ್ರ. ಮದುವೆಯಾದ ತೊಂಬತ್ತು ದಿನದೊಳಗೆ ತಣ್ಮನೆ ಸಿಗದಿದ್ದರೆ ಅವನನ್ನು ಕಾರವಾರದ ಕಡಲಗೋಡೆ ಕೆಲಸಕ್ಕೆ ಕಳಿಸುತ್ತಾರೆ. ಹನ್ನೆರಡು ವರ್ಷ, ಅಜ್ಜಿ.

ನಮಗೆ ಭಯವೇ ಇರಲಿಲ್ಲ, ಏಕೆಂದರೆ ನಮ್ಮ ಹತ್ತಿರ ನಿನ್ನ ಪುಸ್ತಕವಿತ್ತು. ಮೊದಲ ಪುಟದಲ್ಲಿ ‘ನನ್ನ ಉಳಿತಾಯ’ ಎಂದು ಬರೆದು ಪಕ್ಕದಲ್ಲಿ ಹೃದಯ ಬಿಡಿಸಿದ್ದೀಯಲ್ಲ, ಅದೇ ನೀಲಿ ಪುಸ್ತಕ. ಕೊನೆಯ ಪುಟದಲ್ಲಿ ಮೂವತ್ತೊಂದು ವರ್ಷದ ಮೊತ್ತ: ಹದಿನೆಂಟು ಲಕ್ಷದ ಅರವತ್ತೆರಡು ಸಾವಿರ. ನಮ್ಮ ಮನೆಯಲ್ಲಿ ಅದು ದೇವರ ಗೂಡಿನಲ್ಲಿತ್ತು. ಪ್ರತಿ ಹಬ್ಬಕ್ಕೂ ಅರಿಶಿನ ಕುಂಕುಮ ಹಚ್ಚಿ ಹಚ್ಚಿ ನಡುವಿನ ಪುಟಗಳೆಲ್ಲ ಅಂಟಿಕೊಂಡಿದ್ದವು. ಬಿಡಿಸಿ ನೋಡುವ ಧೈರ್ಯ ಐದು ತಲೆಮಾರಿನಲ್ಲಿ ಯಾರಿಗೂ ಬರಲಿಲ್ಲ. ನನಗೆ ಉಡಿ ತುಂಬುವಾಗ ಅಮ್ಮ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಆ ಪುಸ್ತಕವನ್ನೂ ಮಡಿಲಿಗೆ ಹಾಕಿದರು.

ತಣ್ಮನೆ ಕಚೇರಿಯ ಹಾಲಮ್ಮನವರು ಒದ್ದೆ ಬಟ್ಟೆ ಒತ್ತಿ ಎರಡನೇ ಪುಟ ಬಿಡಿಸಿದರು. ರೇಷ್ಮೆ ಸೀರೆ, ಬೆಲೆ ಎಂಟು ಸಾವಿರದ ನಾನೂರು, ಕೊಟ್ಟಿದ್ದು ಐದು ಸಾವಿರದ ಇನ್ನೂರು, ಉಳಿತಾಯ ಮೂರು ಸಾವಿರದ ಇನ್ನೂರು. ಮೂರನೇ ಪುಟದಲ್ಲಿ ಮಿಕ್ಸಿ. ನಾಲ್ಕನೇ ಪುಟದಲ್ಲಿ ಒಂದು ಕೊಂಡರೆ ಇನ್ನೊಂದು ಉಚಿತವಾದ ಚಪ್ಪಲಿ. ಹಾಲಮ್ಮನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಯ್ಯೋ ನಮ್ಮವ್ವ, ನಿಮ್ಮಜ್ಜಿ ಉಳಿಸಿದ್ದಲ್ಲ ಇದು, ಡಿಸ್ಕೌಂಟಿನಲ್ಲಿ ಊರೆಲ್ಲ ಕೊಂಡುಕೊಂಡಿದ್ದು, ಇಂಥ ಉಳಿತಾಯ ಇನ್ನೆರಡು ವರ್ಷ ಮಾಡಿದ್ದರೆ ಮನೆ ಮಾರಬೇಕಾಗುತ್ತಿತ್ತು ಅಂದರು. ಪಕ್ಕದ ಸಾಲಿನವರೂ ನಕ್ಕರು. ಪೃಥು ಮಾತ್ರ, ಚಪ್ಪಲಿ ಚೆನ್ನಾಗಿದ್ದವೋ ಏನೋ ಬಿಡೇ ಎಂದು ನನ್ನ ಕೈ ಹಿಡಿದುಕೊಂಡ.

ನಿನ್ನ ಮೇಲೆ ಕೋಪವಿಲ್ಲ. ಮದುವೆಗೆ ಅರ್ಧ ಬೆಲೆಗೆ ಶಾಲು ತಂದು, ನಿನಗೆಷ್ಟು ಉಳಿಸಿಕೊಟ್ಟೆ ನೋಡೋ ಎಂದು ನಾನೂ ಪೃಥುವಿನ ಎದುರು ಜಂಭ ಕೊಚ್ಚಿದವಳೇ. ಆಮೇಲೆ ಒಂದು ವಾರ ಕೂತು ನಿನ್ನ ಪುಟಗಳನ್ನೆಲ್ಲ ಬಿಡಿಸಿ ಓದಿದೆ. ಓದುತ್ತಾ ಓದುತ್ತಾ ಆಶ್ಚರ್ಯವಾಯಿತು. ಮೂವತ್ತೊಂದು ವರ್ಷದಲ್ಲಿ ನೀನು ಬರೆಯುವುದನ್ನು ಒಂದು ವಾರವೂ ಬಿಟ್ಟಿಲ್ಲ! ಹೆರಿಗೆಯಾದ ನಾಲ್ಕನೇ ದಿನವೂ ಬರೆದಿದ್ದೀಯ. ಜನ ಎಷ್ಟೋ ವರ್ಷ ಒದ್ದಾಡಿದರೂ ಬಾರದ ಶಿಸ್ತು ನಿನ್ನಲ್ಲಿ ಆಗಲೇ ಇದೆ. ಒಂದು ಹೆಜ್ಜೆ ಮಾತ್ರ ಇಲ್ಲ, ಅಜ್ಜಿ, ಒಂದೇ ಒಂದು.

ಉಳಿತಾಯ ಎಂದು ಬರೆಯುವ ಮೊದಲು ಅಷ್ಟೇ ಹಣವನ್ನು ಅಂಚೆ ಕಚೇರಿಯ ಖಾತೆಗೆ ಹಾಕು. ಅದೇ ದಿನ. ನಾಳೆ ಅಂದರೆ ಆ ಹಣ ಬೇರೇನೋ ಆಗಿರುತ್ತದೆ. ಹಾಕಲು ಕೈಯಲ್ಲಿ ಹಣವಿಲ್ಲದಿದ್ದರೆ ಅದು ಉಳಿತಾಯವಲ್ಲ, ಬರೆಯಲೇಬೇಡ. ಮೂರು ಸಾವಿರ ಕಷ್ಟವಾದರೆ ಇನ್ನೂರು ಹಾಕು. ತಿಂಗಳು ಮಾತ್ರ ತಪ್ಪಿಸಬೇಡ. ಆ ಖಾತೆಯನ್ನು ಫೋನಿಗೆ ಜೋಡಿಸಬೇಡ. ತೆಗೆಯಬೇಕೆಂದರೆ ಬಿಸಿಲಲ್ಲಿ ನಡೆದು ಹೋಗಿ, ಸಾಲಲ್ಲಿ ನಿಂತು, ಸಹಿ ಹಾಕುವಂತಿರಲಿ. ಅಷ್ಟರಲ್ಲಿ ಅರ್ಧ ಆಸೆ ಇಳಿದಿರುತ್ತದೆ. ಏನಾದರೂ ಕೊಳ್ಳಬೇಕೆನಿಸಿದರೆ ಅದರ ಹೆಸರನ್ನು ಪುಸ್ತಕದ ಹಿಂಬದಿಯಲ್ಲಿ ಬರೆದು ಮೂರು ದಿನ ಬಿಡು. ನಾಲ್ಕನೇ ದಿನವೂ ಬೇಕೆನಿಸಿದರೆ ಕೊಂಡುಕೋ, ನಾನು ಬೇಡವೆನ್ನುವುದಿಲ್ಲ. ಗಂಡನ ಜೊತೆ ಬೆಣ್ಣೆ ದೋಸೆ ತಿನ್ನುವುದನ್ನು ಬಿಡಬೇಡ. ನಮ್ಮ ಪರವಾಗಿ ಒಂದು ಹೆಚ್ಚಾಗಿಯೇ ತಿನ್ನು. ಆದರೆ ಮೊದಲು ಹಾಕು, ಆಮೇಲೆ ತಿನ್ನು. ಒಂದು ಸಲ ಎಡವಿದೆ ಎಂದು ಪುಸ್ತಕ ಮುಚ್ಚಿಡಬೇಡ. ಮಾರನೆಯ ದಿನದಿಂದಲೇ ಮತ್ತೆ ಶುರುಮಾಡು. ವರ್ಷ ತುಂಬಿದ ಮೇಲೆ ಅದನ್ನು ಯಾರೂ ಮುಟ್ಟಬಾರದೆಂದು ನಿನ್ನ ಮಗಳಿಗೆ ಹೇಳು. ಅವಳು ತನ್ನ ಮಗಳಿಗೆ ಹೇಳಲಿ.

ಹಿಂದಂಚೆ ತಲುಪಿದ್ದು ನಮಗೆ ತಿಳಿಯುವ ದಾರಿ ಒಂದೇ. ಎರಡನೇ ಪುಟದಲ್ಲಿ ಸೀರೆಯ ಲೆಕ್ಕದ ಪಕ್ಕ ಬೆರಳಗಲ ಜಾಗ ಬಿಟ್ಟಿದ್ದೀಯ. ಹಣ ಹಾಕಿ ಬಂದ ದಿನ ಅಲ್ಲಿ ‘ಹಾಕಿದೆ’ ಎಂದು ಬರೆ. ನಿನ್ನ ಕಾಲದಲ್ಲಿ ನೀನು ಬರೆದ ಕ್ಷಣ ಅದು ನನ್ನ ಕೈಯಲ್ಲಿರುವ ಪುಟದಲ್ಲೂ ಮೂಡುತ್ತದಂತೆ. ಪುಸ್ತಕವನ್ನು ನಾನು ನೆರಳುಗಂಟೆಗೂ ಒಯ್ಯುತ್ತೇನೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅದೇ ಪುಟ ತೆರೆದಿಟ್ಟುಕೊಳ್ಳುತ್ತೇವೆ. ದೋಸೆ ಜೇಬಿನಲ್ಲೇ ಉಳಿಯುತ್ತದೆ.

ಈಗಷ್ಟೇ ಮತ್ತೆ ನೋಡಿದೆ. ಜಾಗ ಖಾಲಿಯಿದೆ. ಆ ಪುಟದ ತಾರೀಖಿಗೇ ಈ ಕಾಗದ ಕಳಿಸುತ್ತಿದ್ದೇನೆ, ನಿನ್ನ ಹೊಸ ಸೀರೆ ಇನ್ನೂ ಚೀಲದಲ್ಲೇ ಇರಬೇಕು, ಪುಸ್ತಕ ತೊಡೆಯ ಮೇಲಿರಬೇಕು. ಪೆನ್ನು ಕೆಳಗಿಡು, ಅಜ್ಜಿ. ಚಪ್ಪಲಿ ಮೆಟ್ಟಿಕೊಂಡು ಮೊದಲು ಅಂಚೆ ಕಚೇರಿಗೆ ಹೋಗಿ ಬಾ. ಅದು ಮುಚ್ಚುವುದರೊಳಗೆ ಹೋಗು.

ನಿನ್ನ ದಾರಿ ಕಾಯುತ್ತಿರುವ,
ವೇದಾವತಿ ಪೃಥು