ಒಬ್ಬಳೇ ಉಣ್ಣುವ ಅಭ್ಯಾಸ

ಭಾನುವಾರ, ಮಧ್ಯಾಹ್ನ

ಮಗುವಿನ ಅಪ್ಪನವರಿಗೆ ನಮಸ್ಕಾರ.

ನಿಮ್ಮನ್ನು ಏನೆಂದು ಕರೆಯಬೇಕು ಎಂದು ಯೋಚಿಸುವುದರಲ್ಲೇ ಎರಡು ಹಾಳೆ ದಂಡವಾದವು. ಅಣ್ಣ ಎನ್ನಲು ನಾಲಗೆ ಏಳುವುದಿಲ್ಲ. ಸರ್ ಎಂದರೆ ನಿಮ್ಮ ಮನೆಯ ಫ್ರಿಜ್ ರಿಪೇರಿಗೆ ಬಂದವನ ಹಾಗಾಗುತ್ತದೆ. ಹೆಸರು ಹಿಡಿದು ಕರೆಯುವಷ್ಟು ಸಲುಗೆ ನಮ್ಮಿಬ್ಬರ ನಡುವೆ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನೀವು ಮಗುವಿನ ಅಪ್ಪ. ನಾನು ಕಳೆದ ವರ್ಷದಿಂದ ಅವಳ ಅಮ್ಮನ ಗಂಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದು ಹೊಡೆದುಹಾಕಿದೆ. ಗಾಬರಿಯಾಗಬೇಡಿ, ಜ್ವರವಿಲ್ಲ, ಕೆಮ್ಮಿಲ್ಲ. ಒಂದು ಸಣ್ಣ ವಿಷಯ ಕೇಳಬೇಕಿತ್ತು, ಅಷ್ಟೇ. ನೀವು ಮಗುವಿಗೆ ಮಾಡಿಕೊಡುತ್ತಿದ್ದ ಆಲೂಗಡ್ಡೆ ಇದೆಯಲ್ಲ, ಅದನ್ನು ಹೇಗೆ ಮಾಡುತ್ತಿದ್ದಿರಿ?

ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಲ್ಲ. ಅವಳ ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ. ನಾನು ನನ್ನ ರಿಪೇರಿ ಅಂಗಡಿ ಮುಚ್ಚಿ ಬಂದು ಅಡುಗೆ ಮಾಡುತ್ತೇನೆ. ಮೊದಮೊದಲು ನನ್ನ ಅನ್ನ ಗೋಡೆಗೆ ಪೋಸ್ಟರ್ ಅಂಟಿಸುವುದಕ್ಕೆ ಲಾಯಕ್ಕಾಗಿತ್ತು. ಮಗು ಚಮಚವನ್ನು ಅನ್ನದಲ್ಲಿ ನೆಟ್ಟು ಕೈ ಬಿಡುತ್ತಿದ್ದಳು. ಚಮಚ ನೆಟ್ಟಗೆ ನಿಲ್ಲುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂರುತ್ತಿದ್ದೆವು. ಒಂದು ದಿನ ಅದು ನಿಲ್ಲದೆ ವಾಲಿತು. ಆವತ್ತು ಅವಳು ತಾನಾಗಿ ಎರಡನೇ ಸಲ ಬಡಿಸಿಕೊಂಡಳು. ಆಮೇಲೆ ನಮ್ಮದು ಒಂದು ರೂಢಿಯಾಯಿತು. ನಾನು ಈರುಳ್ಳಿ ಹೆಚ್ಚುತ್ತಿದ್ದರೆ ಅವಳು ಬೀನ್ಸ್ ಮುರಿಯುತ್ತಾ ಶಾಲೆಯ ಪಾಠ ಗಟ್ಟಿಯಾಗಿ ಓದುವಳು. ಚರಿತ್ರೆಯೆಲ್ಲ ನನಗೆ ಈಗ ಬಾಯಿಪಾಠ.

ಕೆಲವು ವಾರಗಳಿಂದ ಅದೆಲ್ಲ ನಿಂತುಹೋಗಿದೆ. ತಟ್ಟೆ ತೆಗೆದುಕೊಂಡು ಬಾಲ್ಕನಿಗೆ ಹೋಗುತ್ತಾಳೆ. ಅಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಪಕ್ಕ ಮಣೆಯ ಮೇಲೆ ಬೀದಿಗೆ ಮುಖ ಮಾಡಿ ಕೂತು, ಅರ್ಧ ತಿಂದು, ಅರ್ಧ ಹಾಗೇ ತಂದು ಇಡುತ್ತಾಳೆ. ಯಾಕೆ ಎಂದರೆ ಸೆಕೆ ಎನ್ನುತ್ತಾಳೆ. ಸೆಕೆ ಇಲ್ಲ. ಶಾಲೆಯ ಟೀಚರನ್ನು ಕಂಡು ಬಂದೆ. ಡಬ್ಬಿಯನ್ನೂ ಅವಳು ಗೆಳತಿಯರ ಜೊತೆ ಕೂತು ತಿನ್ನುತ್ತಿಲ್ಲವಂತೆ, ಮೆಟ್ಟಿಲಿನ ಕೆಳಗೆ ಹೋಗಿ ಕೂರುತ್ತಾಳಂತೆ. ಅವಳ ಅಮ್ಮ, ಬೆಳೆಯುವ ವಯಸ್ಸು, ಸ್ವಲ್ಪ ದಿನ ಬಿಟ್ಟುಬಿಡಿ ಎಂದಳು. ಬಿಡಲು ನನಗೆ ಬರುವುದಿಲ್ಲ. ಇದೇ ಯೋಚನೆಯಲ್ಲಿ ಮೊನ್ನೆ ಒಬ್ಬರ ಮನೆಯಲ್ಲಿ ಫ್ರಿಜ್ ಬಿಚ್ಚಿ, ಜೋಡಿಸಿ, ಬೀದಿಯ ತುದಿಗೆ ಬಂದ ಮೇಲೆ ನೋಡಿದರೆ ಅದರ ಸ್ಕ್ರೂಗಳೆಲ್ಲ ನನ್ನ ಜೇಬಿನಲ್ಲೇ ಇವೆ. ತಿರುಗಿ ಓಡಿದೆ.

ಬೇರೆಯವರ ಫ್ರಿಜ್ಜಿನ ಬಾಗಿಲು ತೆಗೆಯುವುದೇ ನನ್ನ ಕಸುಬು. ಮಕ್ಕಳಿರುವ ಮನೆಯಲ್ಲಿ ಮಕ್ಕಳ ತಿಂಡಿ ಯಾವಾಗಲೂ ಕೆಳಗಿನ ಅರೆಯಲ್ಲಿರುತ್ತದೆ, ಅವರ ಕೈಗೆ ಎಟುಕುವ ಹಾಗೆ. ಅದನ್ನು ಅಲ್ಲಿಡಿ ಎಂದು ಯಾರೂ ಆ ತಂದೆತಾಯಿಗೆ ಹೇಳಿಕೊಟ್ಟಿರುವುದಿಲ್ಲ. ಮಗು ಅಂಬೆಗಾಲಿಟ್ಟು ಬಂದು ಬಾಗಿಲು ಎಳೆದದ್ದನ್ನು ನೋಡಿ ನೋಡಿ ಅವರಿಗೆ ತಾನಾಗಿ ಗೊತ್ತಾಗಿರುತ್ತದೆ. ನಾನೂ ಮದುವೆಯಾದ ವಾರವೇ ನಮ್ಮ ಫ್ರಿಜ್ಜಿನ ಕೆಳಗಿನ ಅರೆ ಖಾಲಿ ಮಾಡಿ ಹಣ್ಣು, ಮೊಸರು ಜೋಡಿಸಿಟ್ಟೆ. ಮಗು ಆಗಲೇ ನನ್ನ ಭುಜದೆತ್ತರ ಬೆಳೆದಿದ್ದಳು. ಅಷ್ಟು ಕೆಳಗೆ ಬಗ್ಗುವುದೇ ಅವಳಿಗೆ ಕಷ್ಟ. ನನ್ನ ಅಪ್ಪತನ ಇಂಥದ್ದು, ನಗಬೇಡಿ. ಅವಳು ಮೊದಲ ತುತ್ತು ತಿಂದಾಗ ಮುಖ ಹೇಗೆ ಮಾಡಿದಳು ಎಂದು ನಿಮಗೆ ಗೊತ್ತು. ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಈ ಬಾಲ್ಕನಿಯ ವಿಷಯವೂ ಅರ್ಥವಾಗುತ್ತಿತ್ತೇನೋ.

ಹೋದ ವಾರ ಬೇಡಿಕೊಳ್ಳುವವನ ಹಾಗೆ ಕೇಳಿದೆ, ನಿನಗೆ ಏನು ಬೇಕೋ ಹೇಳು, ಅದನ್ನೇ ಮಾಡುತ್ತೇನೆ ಎಂದು. ಅಪ್ಪ ಮಾಡುತ್ತಿದ್ದ ಆಲೂಗಡ್ಡೆ ಎಂದಳು. ದಪ್ಪ ಹೋಳು, ತಳದಲ್ಲಿ ಈರುಳ್ಳಿ ಸೀದಿರಬೇಕು ಆದರೆ ಕಹಿಯಾಗಬಾರದು, ಮೇಲೆ ಮೊಟ್ಟೆ ಒಡೆದಿರಬೇಕು, ಬಾಣಲೆಯಿಂದಲೇ ತಿನ್ನಬೇಕು. ಮಾಡಿದೆ. ಇದಲ್ಲ ಎಂದಳು. ಮತ್ತೆ ಮಾಡಿದೆ, ಉರಿ ಸಣ್ಣ ಮಾಡಿ. ಇದೂ ಅಲ್ಲ. ಈಗ ಆಲೂಗಡ್ಡೆ ಮಾರುವವಳು ನನ್ನನ್ನು ಕಂಡರೆ ಕೇಳದೆಯೇ ತೂಗುತ್ತಾಳೆ. ದಯವಿಟ್ಟು ತಿಳಿಸಿ. ಕಾಳುಮೆಣಸು ಹಾಕುತ್ತಿದ್ದಿರಾ? ಮುಚ್ಚಳ ಮುಚ್ಚುತ್ತಿದ್ದಿರಾ?

ಬುಧವಾರ, ಅಂಗಡಿಯಲ್ಲಿ

ಮೇಲಿನದನ್ನು ಹರಿದುಹಾಕಬೇಕಿತ್ತು. ಹಾಕಲಿಲ್ಲ, ನಾನು ಎಷ್ಟು ನಂಬಿದ್ದೆ ಎಂಬುದು ನಿಮಗೂ ತಿಳಿದಿರಲಿ.

ಇವತ್ತು ಬೆಳಿಗ್ಗೆ ಅವಳ ಅಮ್ಮನಿಗೆ ಹೇಳಿದೆ, ಹೀಗೆ ನಿಮಗೊಂದು ಪತ್ರ ಬರೆಯುತ್ತಿದ್ದೇನೆ, ಆಲೂಗಡ್ಡೆಯ ವಿಷಯ ಎಂದು. ತಲೆ ಬಾಚುತ್ತಿದ್ದವಳು ಬಾಚಣಿಗೆ ಕೂದಲಲ್ಲೇ ಬಿಟ್ಟು ತಿರುಗಿದಳು. ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅವರು ಒಲೆ ಹಚ್ಚಿದ್ದನ್ನೇ ನಾನು ನೋಡಿಲ್ಲ" ಎಂದಳು. ಬೇಜಾರು ಮಾಡಿಕೊಳ್ಳಬೇಡಿ, ಅವಳು ನಿಮ್ಮನ್ನು ಹಂಗಿಸಲು ಹೇಳಿದ್ದಲ್ಲ. ಚಹಾಕ್ಕೆ ನೀರು ಇಟ್ಟವರಲ್ಲ ಎಂದಷ್ಟೇ ಹೇಳಿದಳು. ಆ ಆಲೂಗಡ್ಡೆ ಯಾರೂ ಮಾಡಿದ್ದಲ್ಲ. ಮಗು ತಾನೇ ಹುಟ್ಟಿಸಿಕೊಂಡದ್ದು, ಈರುಳ್ಳಿ ಎಷ್ಟು ಸೀದಿರಬೇಕು ಎಂಬಷ್ಟರ ಮಟ್ಟಿಗೆ.

ನನಗೆ ಸಿಟ್ಟು ಬಂತು. ನನ್ನನ್ನು ಆಟ ಆಡಿಸಿದಳಲ್ಲ ಎನ್ನಿಸಿತು. ಅಂಗಡಿಗೆ ಬಂದು ಶಟರ್ ಎತ್ತುವ ಹೊತ್ತಿಗೆ ಅದು ಇಳಿದಿತ್ತು, ಅದರ ಜಾಗದಲ್ಲಿ ಬೇರೆ ಏನೋ ಕೂತಿದೆ. ಅವಳಿಗೆ ಒಬ್ಬ ಅಡುಗೆ ಮಾಡುವ ಅಪ್ಪ ಬೇಕಿತ್ತು. ಅಡುಗೆ ಮಾಡುವವನು ಎದುರಿಗೇ ಇದ್ದ. ಆದರೂ ಅವಳು ಆ ಕೆಲಸವನ್ನು ನಿಮ್ಮ ಕೈಗೆ ಕೊಟ್ಟಳು. ಇದರಿಂದ ನನಗೆ ನೋವಾಯಿತೆಂದು ಬರೆಯಲೋ ಬೇಡವೋ ಎಂದು ಕೂತಿದ್ದೇನೆ. ಬರೆದಾಯಿತು, ಬಿಡಿ. ಗಿರಾಕಿ ಬಂದಿದ್ದಾರೆ.

ಶುಕ್ರವಾರ

ನಿನ್ನೆ ಸಂಜೆ ನಮ್ಮ ಮನೆಯ ಫ್ರಿಜ್ಜೇ ಕೆಟ್ಟಿತು. ಊರಿನವರದ್ದೆಲ್ಲ ಸರಿ ಮಾಡುವವನ ಮನೆಯಲ್ಲಿ ಹಾಲು ಒಡೆದು ಕೂತಿತ್ತು. ಅದನ್ನು ಗೋಡೆಯಿಂದ ಎಳೆದು ಹಿಂದೆ ನುಸುಳಿ ಕೂತೆ. ಮಗು ಬಂದು ಟಾರ್ಚ್ ಹಿಡಿದು ನಿಂತಳು. ಆಲೂಗಡ್ಡೆಯ ಸುದ್ದಿ ನಾನು ಎತ್ತಲಿಲ್ಲ. ನಾನು ಏನೂ ಕೇಳಲಿಲ್ಲ ಎಂಬುದನ್ನು ನೀವು ನಂಬಬೇಕು. ಮಾತು ಅವಳೇ ತೆಗೆದಳು.

"ಅಮ್ಮಂಗೆ ಪಾಪು ಆಗುತ್ತಂತೆ" ಎಂದಳು.

ಹೌದು. ಈ ವಿಷಯ ನಿಮಗೆ ಇಲ್ಲಿಯವರೆಗೆ ಬರೆದಿರಲಿಲ್ಲ. ಮಗುವಿಗೇ ಹೇಳಿರಲಿಲ್ಲ, ಇನ್ನು ಸ್ವಲ್ಪ ದಿನ ಕಳೆಯಲಿ ಎಂದಿದ್ದೆವು. ಆಸ್ಪತ್ರೆಯ ಇನ್ನೊಬ್ಬ ನರ್ಸ್ ಬಸ್ ಸ್ಟಾಪಿನಲ್ಲಿ ಸಿಕ್ಕಿ, ನೀನು ಅಕ್ಕ ಆಗ್ತೀಯಾ ಎಂದು ಅವಳ ಕೆನ್ನೆ ಹಿಂಡಿ ಹೋಗಿದ್ದರಂತೆ. ಅವಳು ಬಾಲ್ಕನಿಗೆ ತಟ್ಟೆ ಒಯ್ಯಲು ಶುರುಮಾಡಿದ್ದು ಆ ದಿನದಿಂದ.

ಟಾರ್ಚಿನ ಬೆಳಕು ಸ್ವಲ್ಪವೂ ಅಲುಗಲಿಲ್ಲ. ಅವಳು ಕೇಳಿದಳು, "ಪಾಪು ಹುಟ್ಟಿದ್ಮೇಲೆ ನೀನೂ ಹೋಗ್ತೀಯಾ?"

ನನ್ನನ್ನು ಇಷ್ಟು ದಿನ ನೀವು ಎಂದೇ ಮಾತಾಡಿಸಿದ ಮಗು. ಏಕವಚನ ನಿಮಗೆ, ಅವಳ ಅಮ್ಮನಿಗೆ ಮಾತ್ರ. ಆ ನೀನು ಎಂಬುದನ್ನು ಕೇಳಿ ನನಗೆ ಸಂತೋಷವಾಗಬೇಕೋ, ಅದರ ಹಿಂದೆ ಬಂದದ್ದಕ್ಕೆ ಎದೆ ಒಡೆಯಬೇಕೋ ತಿಳಿಯಲಿಲ್ಲ.

ಎಲ್ಲಿಗೆ ಹೋಗಲಿ, ಯಾಕೆ ಹೋಗಲಿ ಎಂದೆ. ಅವಳು ಲೆಕ್ಕದ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಅಪ್ಪನ ಹೊಸ ಮನೆಯಲ್ಲಿ ತಮ್ಮ ಹುಟ್ಟಿದ, ಅಪ್ಪ ಬರುವುದನ್ನು ಬಿಟ್ಟ, ಆಮೇಲೆ ಫೋನೂ ಬಿಟ್ಟ. ಪಾಪು ಬಂದರೆ ದೊಡ್ಡವರಿಗೆ ಪುರುಸೊತ್ತು ಇರುವುದಿಲ್ಲ. ಹಾಗಾದರೆ ಬಾಲ್ಕನಿಯಲ್ಲಿ ಯಾಕಮ್ಮಾ ಕೂರುವುದು ಎಂದೆ.

"ಒಬ್ಳೇ ಊಟ ಮಾಡೋದು ಅಭ್ಯಾಸ ಮಾಡ್ಕೋತಿದ್ದೆ. ಆಮೇಲೆ ಕಷ್ಟ ಆಗ್ಬಾರ್ದು ಅಂತ."

ನಾನು ಫ್ರಿಜ್ಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದೆ. ಎದ್ದು ಅವಳ ಹತ್ತಿರ ಹೋಗಬೇಕೆಂದರೆ ಹೊಟ್ಟೆ ಅಡ್ಡ ಬರುತ್ತದೆ. ಅಲ್ಲಿಂದಲೇ ಕೈ ಚಾಚಿದೆ. ಕೈಯೆಲ್ಲ ಕಪ್ಪು ಮಸಿ. ಅವಳು ನೋಡಿದಳು, ಆಮೇಲೆ ಹಿಡಿದುಕೊಂಡಳು. ನಾನು ಹೋಗುವುದಿಲ್ಲ ಎಂದೆ. ಅದು ಸಾಲದು ಎಂದು ನನಗೂ ಗೊತ್ತಿತ್ತು, ಯಾಕೆಂದರೆ ನೀವೂ ಒಮ್ಮೆ ಹಾಗೆ ಹೇಳಿಯೇ ಇರುತ್ತೀರಿ. ಅದಕ್ಕೆ, ಪಾಪುವಿಗೆ ಹಲ್ಲು ಬಂದ ಮೇಲೆ ಅದಕ್ಕೂ ನಾನೇ ಬೇಯಿಸಬೇಕು, ನಿನ್ನ ಸಹಾಯವಿಲ್ಲದೆ ನನ್ನ ಕೈಲಾಗುವುದಿಲ್ಲ, ಬೀನ್ಸ್ ಯಾರು ಮುರಿಯುತ್ತಾರೆ ಎಂದು ಕೇಳಿದೆ. ಅವಳು ಯೋಚಿಸಿ, ಪಾಪುಗಳು ಬೀನ್ಸ್ ತಿನ್ನುವುದಿಲ್ಲ ಎಂದಳು. ನಮ್ಮಿಬ್ಬರಿಗೂ ಆ ಹೊತ್ತಿಗೆ ಅಷ್ಟು ಸಾಕಾಯಿತು.

ಈಗ ನಿಮ್ಮನ್ನು ನಿಜವಾಗಿ ಕೇಳಬೇಕಾದದ್ದಕ್ಕೆ ಬರುತ್ತೇನೆ. ನಾನು ಹೋಗುವುದಿಲ್ಲ ಎಂಬುದನ್ನು ನಾನು ಇದ್ದು ತೋರಿಸಬಹುದು. ಆದರೆ ಅಪ್ಪಂದಿರು ಹೋದರೂ ತಿರುಗಿ ಬರುತ್ತಾರೆ ಎಂಬುದನ್ನು ನಾನು ತೋರಿಸಲಾರೆ, ಅದು ನಿಮ್ಮ ಕೈಯಲ್ಲಿದೆ. ಒಂದು ಭಾನುವಾರ ಬನ್ನಿ. ನಿಮ್ಮ ಮನೆಯವರನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಬನ್ನಿ. ಕುರ್ಚಿ ಸಾಲದಿದ್ದರೆ ಅಂಗಡಿಯಿಂದ ಸ್ಟೂಲು ತರುತ್ತೇನೆ. ಅವಳ ಅಮ್ಮ ಒಪ್ಪಿದ್ದಾಳೆ. ಒಪ್ಪಲು ಒಂದು ಇಡೀ ರಾತ್ರಿ ಹಿಡಿಯಿತು.

ಇನ್ನೊಂದು. ಊಟಕ್ಕೆ ಕೂತಾಗ ಮಗು ನಿಮ್ಮ ಆಲೂಗಡ್ಡೆಯ ಮಾತೆತ್ತಿದರೆ ದಯವಿಟ್ಟು ಅವಳನ್ನು ಬಿಟ್ಟುಕೊಡಬೇಡಿ. ಹೌದು, ಮಾಡುತ್ತಿದ್ದೆ ಎನ್ನಿ. ಹೇಗೆ ಎಂದು ಯಾರಾದರೂ ಕೇಳಿದರೆ ಹೀಗೆ ಹೇಳಿ: ಮೊದಲು ಸಣ್ಣ ಉರಿಯಲ್ಲಿ ಈರುಳ್ಳಿ, ಅದು ಕಂದುಬಣ್ಣಕ್ಕೆ ತಿರುಗಿದ ಮೇಲೆ ಅದರ ಮೇಲೆ ದಪ್ಪ ಹೋಳು, ಸೌಟು ಆಡಿಸಬಾರದು, ಮುಚ್ಚಳ ಮುಚ್ಚಿ ಬಿಟ್ಟುಬಿಡಬೇಕು. ಕಡೆಯಲ್ಲಿ ಮೊಟ್ಟೆ. ಸಾಧ್ಯವಾದರೆ ಮನೆಯಲ್ಲಿ ಒಂದು ಸಲ ಮಾಡಿ ನೋಡಿ. ನಿಮ್ಮ ಮಗನಿಗೂ ಹಿಡಿಸಬಹುದು.

ಉತ್ತರ ಬರೆಯಲು ಕಷ್ಟವಾದರೆ ಫೋನ್ ಮಾಡಿ. ನಾನು ಎತ್ತಿದರೂ ಇಡಬೇಡಿ.

ಇಂತಿ,
ನಿಮ್ಮ ಮಗಳ ಜೊತೆ ಊಟಕ್ಕೆ ಕೂರುವವನು

ಮರೆತ ಮಾತು: ಮರೆತದ್ದಲ್ಲ. ಈ ಪತ್ರ ಬರೆದು ಮುಗಿಸಿ ವಾರದ ಮೇಲಾಯಿತು, ನನ್ನ ಕೆಲಸದ ಚೀಲದಲ್ಲೇ ಇತ್ತು. ದಿನಾ ಅಂಚೆ ಡಬ್ಬಿಯ ಮುಂದೆಯೇ ಗಾಡಿ ನಿಲ್ಲಿಸಿ, ನಾಳೆ ಹಾಕೋಣ ಎಂದು ಹೊರಡುತ್ತಿದ್ದೆ. ಅಷ್ಟರಲ್ಲಿ ಮಗು ತಟ್ಟೆ ಹಿಡಿದು ಒಳಗೆ ಬಂದಳು, ಮೇಜಿನ ಹತ್ತಿರ ಕೂತಳು, ಈಗ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ನನ್ನನ್ನು ನೀನು ಎನ್ನುತ್ತಾಳೆ, ಒಂದೊಂದು ಸಲ ಮರೆತು ನೀವು ಎಂದು, ನಾಲಗೆ ಕಚ್ಚಿಕೊಳ್ಳುತ್ತಾಳೆ. ಹಾಗಾಗಿ ನೀವು ಬರಬೇಕಾದ ತುರ್ತು ಈಗಿಲ್ಲ. ನಿಜ ಹೇಳಬೇಕೆಂದರೆ, ನೀವು ಬಂದು ಕೂತ ಗಳಿಗೆಯಲ್ಲಿ ಆ ನೀನು ನಿಮಗೆ ವಾಪಸ್ ಹೋಗಿಬಿಡುತ್ತದೆ ಎಂದು ನನಗೆ ಭಯ. ಬರದಿದ್ದರೇ ಒಳ್ಳೆಯದು ಎಂದು ಒಂದು ಮನಸ್ಸು ಹೇಳುತ್ತಲೇ ಇದೆ. ಆ ಮನಸ್ಸಿಗೆ ತಿಳಿಯದ ಹಾಗೆ ಇದನ್ನು ಡಬ್ಬಿಗೆ ಹಾಕುತ್ತಿದ್ದೇನೆ. ಬರುವಾಗ ದಾರಿಯಲ್ಲಿ ಊಟ ಮಾಡಿಕೊಂಡು ಬರಬೇಡಿ.