ನೀವು ಕುರ್ಚಿಯಿಂದ ಏಳುವ ರೀತಿ

ಅಪ್ಪಾ,

ನೀವು ಹೋದಮೇಲೆ ಅಕ್ಕ ಕಟ್ಟಿದ ಮೊದಲ ನೃತ್ಯವನ್ನು ನಿನ್ನೆ ನೋಡಿದೆ.

"ಇದೇನು ಕುಣಿಯೋದೋ, ಮೈ ತುರಿಸ್ಕೊಳ್ಳೋದೋ?" ಎಂದು ನೀವು ಅವಳನ್ನು ಛೇಡಿಸುತ್ತಿದ್ದಿರಲ್ಲ. ನಿನ್ನೆ ಪ್ರದರ್ಶನಕ್ಕೆ ಮುಂಚೆ ಪ್ರೇಕ್ಷಕರೊಬ್ಬರು ಅಕ್ಕನನ್ನು, "ಇದಕ್ಕೆ ಸ್ಫೂರ್ತಿ ಯಾರು?" ಎಂದು ಕೇಳಿದರು.

"ನಮ್ಮಪ್ಪ. ಫೀಸ್ ತಗೊಳ್ಳದೆ ಕಲಿಸಿದ್ರು, ಬೈಗುಳ ಧಾರಾಳ," ಎಂದಳು.

ನರ್ತಕ ಮಂಡಿಯ ಮೇಲೆ ಕೈಯೂರಿ, ಮುಂದಕ್ಕೆ ತೂಗಿ ತೂಗಿ ಕುರ್ಚಿಯಿಂದ ಏಳುತ್ತಾನೆ. ಎದ್ದಮೇಲೆ ನೋವೇ ಇಲ್ಲದವನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ. ಥೇಟ್ ನೀವೇ. ದಿನಾ ನಾನೂ ನೋಡಿದ್ದೆ. ಅದರಲ್ಲಿ ನೃತ್ಯ ಕಂಡಿದ್ದು ಅವಳಿಗೆ.

ಅವನು ಏಳುವಾಗಲೆಲ್ಲ ಹಿಂದೆ ನಿಂತ ಹುಡುಗಿಯೊಬ್ಬಳು ಕೈ ಚಾಚಿ, ಹೆದರಿ ಹಿಂದಕ್ಕೆಳೆದುಕೊಳ್ಳುತ್ತಾಳೆ. ಅದು ನಾನು. ಅಕ್ಕ ನನ್ನನ್ನೂ ಗಮನಿಸಿದ್ದಳು. ಕೊನೆಯ ಸಲ ಮಾತ್ರ ಆ ಕೈ ಅವನ ಮೊಣಕೈ ಹಿಡಿಯುತ್ತದೆ. ಅವನು ಬೈಯುವುದಿಲ್ಲ.